ಕಂಸದೊಳಗಿನ ಅರವತ್ತು ಹಾಳೆಗಳು

ಕಳೆದ ತಿಂಗಳು ಕೈಸೇರಿದ ಪತ್ರವೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ. ಹಾಳೆಯ ಎರಡೂ ಮಗ್ಗುಲಿಗೆ ದುಂಡನೆಯ ಅಕ್ಷರದಲ್ಲಿ ಬರೆದ ಆರು ಪುಟಗಳ ಪತ್ರ ಅದು. ಬರೆದವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುವ ಅತಿಥಿ ಉಪನ್ಯಾಸಕಿ. ವಯಸ್ಸು 34, ಆರು ವರ್ಷದ ಮಗಳಿದ್ದಾಳೆ. ಸಂವಹನ ಮತ್ತು ಮಾಧ್ಯಮ ಅಧ್ಯಯನ ವಿಷಯದಲ್ಲಿ ಪಿಎಚ್.ಡಿ.ಗೆ 2023ರಲ್ಲಿ ನೋಂದಾಯಿಸಿಕೊಂಡು ಈಗ ನಾಲ್ಕನೆಯ ವರ್ಷದಲ್ಲಿದ್ದಾರೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ತಾಲ್ಲೂಕುಗಳ ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡು ಇಲ್ಲಿ ಉತ್ತರಿಸುತ್ತಿದ್ದೇನೆ.

ಆರೋಗ್ಯದ ವಿಷಯದಲ್ಲಿ ಹಳ್ಳಿಯ ಹೆಂಗಸರು ಯಾವ ಮಾಧ್ಯಮದ ಮಾತನ್ನು ನಂಬುತ್ತಾರೆ ಎಂಬುದು ಅವರ ಸಂಶೋಧನೆಯ ಪ್ರಶ್ನೆ. ಶಿರಾ, ಮಧುಗಿರಿ, ಪಾವಗಡ ಈ ಮೂರು ತಾಲ್ಲೂಕುಗಳಲ್ಲಿ ತಲಾ 100ರಂತೆ 300 ಮಹಿಳೆಯರಿಂದ ಪ್ರಶ್ನಾವಳಿ ತುಂಬಿಸಬೇಕೆಂದು ಸಾರಲೇಖದಲ್ಲಿ, ಅಂದರೆ ಸಂಶೋಧನೆಯ ಆರಂಭದ ರೂಪರೇಷೆಯಲ್ಲಿ, ಬರೆದುಕೊಟ್ಟಿದ್ದಾರೆ. ಮೂರು ಅಧ್ಯಾಯಗಳು ಮುಗಿದಿವೆ. ದತ್ತಾಂಶ ವಿಶ್ಲೇಷಣೆಯ ನಾಲ್ಕನೆಯ ಅಧ್ಯಾಯದ ಫೈಲನ್ನು ಕೊನೆಯ ಸಲ ತೆರೆದು ಐದು ತಿಂಗಳಾಗಿದೆ. ಮಾರ್ಗದರ್ಶಕರು ಮುಂದಿನ ವರ್ಷ ನಿವೃತ್ತರಾಗುವವರಿದ್ದು, ಬೇಗ ಮುಗಿಸುವಂತೆ ಒತ್ತಾಯಿಸುತ್ತಿದ್ದಾರೆ. ಊಟಕ್ಕೆ ಕೂತಾಗಲೆಲ್ಲ ಅತ್ತೆ "ನಿನ್ನ ಓದು ಮುಗಿಯೋದು ಯಾವಾಗಮ್ಮ" ಎಂದು ಕೇಳುತ್ತಾರಂತೆ. ಆ ಒಂದು ಮಾತಿಗೆ ಬರೆಯುವ ಉತ್ಸಾಹವೇ ಉಡುಗಿಹೋಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಇಂಥ ವಾತಾವರಣದಲ್ಲಿ ಮುಂದುವರಿಯಬೇಕೇ ಅಥವಾ ಎಲ್ಲವನ್ನೂ ಕೈಬಿಟ್ಟು ನೆಮ್ಮದಿಯಾಗಿರಬೇಕೇ ಎಂಬುದು ಅವರ ಪ್ರಶ್ನೆ.

ಐದನೆಯ ಪುಟದ ಕೊನೆಯಲ್ಲಿ, ಕ್ಷೇತ್ರಕಾರ್ಯದ ಕಷ್ಟಗಳನ್ನು ಹೇಳುವ ನಡುವೆ, ಕಂಸದೊಳಗೆ ಒಂದು ವಾಕ್ಯವಿದೆ: "ಪಾವಗಡದ ದೂರದ ಹಳ್ಳಿಗಳಿಗೆ ಹೋಗಲಾಗದೆ ಉಳಿದಿದ್ದ 60 ಪ್ರಶ್ನಾವಳಿಗಳನ್ನು ಒಂದು ಭಾನುವಾರ ನಾನು, ನಮ್ಮ ಯಜಮಾನರು ಕೂತು ತುಂಬಿದೆವು, ಇದನ್ನು ಎಲ್ಲರೂ ಮಾಡುತ್ತಾರಂತೆ." ಮರುವಾಕ್ಯದಲ್ಲಿ ಮತ್ತೆ ಅತ್ತೆಯ ವಿಷಯ ಬಂದುಬಿಡುತ್ತದೆ.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನದೊಂದು ನಂಬಿಕೆ ಗೊತ್ತಿದೆ. ಪತ್ರ ಬರೆಯುವವರು ಯಾವುದನ್ನು ಕಂಸದೊಳಗೆ ಸೇರಿಸುತ್ತಾರೋ ಅದನ್ನು ಹೇಳುವುದಕ್ಕಾಗಿಯೇ ಉಳಿದೆಲ್ಲವನ್ನೂ ಬರೆದಿರುತ್ತಾರೆ ಎಂಬ ನಂಬಿಕೆ ಅದು. ಸೋದರಿ, ನಿಮ್ಮ ಪತ್ರವನ್ನು ಓದಿ ಮುಗಿಸಿದ ಮೇಲೆ ನಾನು ತಾರೀಕುಗಳನ್ನು ಜೋಡಿಸಿ ನೋಡಿದೆ. ಆ ಭಾನುವಾರ ಬಂದದ್ದು ದೀಪಾವಳಿ ಕಳೆದ ಮೇಲೆ ಎಂದು ನೀವೇ ಬರೆದಿದ್ದೀರಿ. ನಾಲ್ಕನೆಯ ಅಧ್ಯಾಯ ನಿಂತುಹೋದದ್ದೂ ಆಗಲೇ. ಅತ್ತೆಯವರು ಆ ಪ್ರಶ್ನೆಯನ್ನು ನೀವು ನೋಂದಾಯಿಸಿಕೊಂಡ ಮೊದಲ ವರ್ಷದಿಂದಲೂ ಕೇಳುತ್ತಿದ್ದಾರೆ. ಆಗ ಅದು ನಿಮ್ಮ ಬರವಣಿಗೆಯನ್ನು ನಿಲ್ಲಿಸಿರಲಿಲ್ಲ. ಅದೇ ಮಾತನ್ನು ಕೇಳಿಸಿಕೊಂಡೇ ನೀವು ಮೂರು ಅಧ್ಯಾಯಗಳನ್ನು ಬರೆದು ಮುಗಿಸಿದ್ದೀರಿ.

ಅತ್ತೆಯವರ ವಿಷಯವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ನೀವು ಕೋರ್ಸ್‌ವರ್ಕ್‌ಗೆಂದು ವಾರವಾರವೂ ವಿಶ್ವವಿದ್ಯಾಲಯಕ್ಕೆ ಹೋಗಿಬರುತ್ತಿದ್ದಾಗ ಮಗಳಿಗೆ ತಲೆ ಬಾಚಿ, ಡಬ್ಬಿ ಕಟ್ಟಿ, ಶಾಲೆಯ ವ್ಯಾನು ಹತ್ತಿಸಿದವರು ಯಾರು ಎಂಬುದು ನಿಮ್ಮ ಪತ್ರದ ಎರಡನೆಯ ಪುಟದಲ್ಲಿಯೇ ಇದೆ. ಹಾಗೆ ದುಡಿದವರಿಗೆ ಕೆಲಸ ಎಲ್ಲಿಗೆ ಬಂತು ಎಂದು ಕೇಳುವ ಹಕ್ಕಿದೆ. ಆ ಪ್ರಶ್ನೆ ನಿಮ್ಮನ್ನು ಇರಿಯುತ್ತಿರುವುದಕ್ಕೆ ಕಾರಣ, ಅದಕ್ಕೆ ನೇರವಾದ ಉತ್ತರ ಕೊಡಲು ಈಗ ನಿಮ್ಮಿಂದ ಆಗುತ್ತಿಲ್ಲ ಎಂಬುದು.

ಆ ಅರವತ್ತು ಹಾಳೆಗಳಲ್ಲಿ ನೀವು ಏನು ಬರೆದಿದ್ದೀರೆಂದು ನನಗೆ ಗೊತ್ತಿಲ್ಲವಾದರೂ ಊಹಿಸಬಲ್ಲೆ. ಕೈಬರಹ ಒಂದೇ ಆಗಬಾರದೆಂದು ಎರಡು ಬಣ್ಣದ ಪೆನ್ನು ಹಿಡಿದು, ಕೆಲವನ್ನು ಎಡಗೈಯಲ್ಲಿ ಗೀಚಿ, ಶಿರಾ ಮತ್ತು ಮಧುಗಿರಿಯ ಉತ್ತರಗಳನ್ನೇ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ತುಂಬಿರುತ್ತೀರಿ. ಆದರೆ ಪಾವಗಡ ಶಿರಾದ ಹಾಗಿಲ್ಲ. ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದ ತಾಲ್ಲೂಕು ಅದು. ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅಲ್ಲಿಯ ಹೆಂಗಸು ಸಂಜೆ ಟಿ.ವಿ. ಹಾಕಿದರೆ ಕನ್ನಡದ ವಾಹಿನಿ ನೋಡುತ್ತಾಳೋ ತೆಲುಗಿನದನ್ನೋ, ಮೊಬೈಲಿಗೆ ಬರುವ ಮನೆಮದ್ದಿನ ವಿಡಿಯೊ ಯಾವ ಭಾಷೆಯದ್ದು, ಕನ್ನಡದಲ್ಲಿ ಅಚ್ಚಾದ ಆರೋಗ್ಯ ಇಲಾಖೆಯ ಕರಪತ್ರ ಅವಳಿಗೆ ಎಷ್ಟು ತಲುಪುತ್ತದೆ, ಇವೆಲ್ಲ ಅವಳನ್ನು ಕೇಳದೆ ತಿಳಿಯುವ ಸಂಗತಿಗಳಲ್ಲ. ಕುಡಿಯುವ ನೀರಿನ ಫ್ಲೋರೈಡ್ ಸಮಸ್ಯೆಯನ್ನು ಬಹುಕಾಲದಿಂದ ಉಣ್ಣುತ್ತಿರುವ ತಾಲ್ಲೂಕು ಅದು. ನೀರಿನ ಬಗ್ಗೆ, ಹಲ್ಲು ಮೂಳೆಗಳ ನೋವಿನ ಬಗ್ಗೆ ಆ ಹೆಂಗಸರು ಯಾರ ಮಾತು ಕೇಳುತ್ತಾರೆ ಎಂಬುದು ನಿಮ್ಮ ಇಡೀ ಮಹಾಪ್ರಬಂಧದಲ್ಲಿಯೇ ಅತ್ಯಂತ ಬೆಲೆಯುಳ್ಳ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಹೇಳಬೇಕಾಗಿದ್ದ ಅರವತ್ತು ಮಂದಿಯ ಜಾಗದಲ್ಲಿ ನೀವೂ ನಿಮ್ಮ ಯಜಮಾನರೂ ಕೂತಿರಿ.

ನಿಮ್ಮ ಪತ್ರದಲ್ಲಿಯೇ ಇನ್ನೊಂದು ಹಾಳೆಯ ಮಾತು ಬರುತ್ತದೆ. ಮಧುಗಿರಿಯ ಕಡೆ ಹಳ್ಳಿಯೊಂದರಲ್ಲಿ ಒಬ್ಬ ಹಿರಿಯ ಹೆಂಗಸು, ಪತ್ರಿಕೆ, ರೇಡಿಯೊ, ಟಿ.ವಿ., ಮೊಬೈಲ್ ಎಂಬ ನಾಲ್ಕು ಚೌಕಗಳಲ್ಲಿ ಯಾವುದಕ್ಕೂ ಗುರುತು ಹಾಕಲು ಒಪ್ಪದೆ, "ನಮ್ಮ ಆಶಾ ಹೇಳಿದ್ರೆ ಕೇಳ್ತೀನಿ, ಅವಳು ಮೊಬೈಲ್‌ನಾಗೆ ನೋಡಿ ಹೇಳ್ತಾಳೋ ಇಲ್ಲವೋ ನಂಗೇನು ಗೊತ್ತು" ಎಂದು ಊರಿನ ಆಶಾ ಆರೋಗ್ಯ ಕಾರ್ಯಕರ್ತೆಯ ಬಗ್ಗೆ ಹೇಳಿದ್ದರಂತೆ. ಅದನ್ನು ಯಾವ ಕಾಲಂನಲ್ಲಿ ಹಾಕುವುದೆಂದು ತಿಳಿಯದೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೀರಿ. ನಿಮ್ಮ ವಿಷಯದ ಚರಿತ್ರೆಯನ್ನೇ ಒಮ್ಮೆ ನೆನಪು ಮಾಡಿಕೊಳ್ಳಿ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು ಓಹಾಯೊದ ಈರಿ ಕೌಂಟಿಗೆ ಹೋದಾಗ, ರೇಡಿಯೊ ಮತ್ತು ಪತ್ರಿಕೆಗಳು ಮತದಾರರ ಮೇಲೆ ನೇರ ಪ್ರಭಾವ ಬೀರುತ್ತವೆ ಎಂಬ ನಿರೀಕ್ಷೆಯಿತ್ತು. ಜನರು ಮತ್ತೆ ಮತ್ತೆ ಹೇಳಿದ್ದು ಬೇರೆ ಜನರ ಹೆಸರು. ಮಾಧ್ಯಮದ ಮಾತು ಮೊದಲು ಕೆಲವರಿಗೆ, ಅವರ ಮೂಲಕ ಉಳಿದವರಿಗೆ ತಲುಪುತ್ತದೆ ಎಂದು ನೀವು ತರಗತಿಯಲ್ಲಿ ಕಲಿಸುವ ಎರಡು ಹಂತದ ಹರಿವಿನ ಸಿದ್ಧಾಂತ ಹುಟ್ಟಿದ್ದು ಸಂಶೋಧಕರು ನಿರೀಕ್ಷಿಸದೆ ಇದ್ದ ಆ ಉತ್ತರದಿಂದ. ಮಧುಗಿರಿಯ ಆ ಹಿರಿಯರು ನಿಮಗೆ ಅಂಥದ್ದನ್ನೇ ಕೊಟ್ಟಿದ್ದಾರೆ. ಪಾವಗಡದ ಅರವತ್ತು ಹಾಳೆಗಳಲ್ಲಿ ಅಂಥ ಒಂದು ಸಾಲೂ ಸಿಗುವುದಿಲ್ಲ, ಏಕೆಂದರೆ ನಿಮಗೆ ಮೊದಲೇ ಗೊತ್ತಿದ್ದುದನ್ನು ಬಿಟ್ಟು ಬೇರೇನೂ ಅವುಗಳಲ್ಲಿ ಇರಲು ಸಾಧ್ಯವಿಲ್ಲ.

300 ಎಂಬ ಸಂಖ್ಯೆ ನಿಮ್ಮನ್ನು ಹೆದರಿಸಿದೆ. 240 ಎಂದು ಬರೆದರೆ ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಮುಖಭಂಗವಾಗುತ್ತದೆ ಎಂದು ನೀವು ಅಂದುಕೊಂಡಂತಿದೆ. ಅಮೆರಿಕದ 1968ರ ಚುನಾವಣೆಯಲ್ಲಿ ಮಾಧ್ಯಮ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ ಅವರು ಚಾಪೆಲ್ ಹಿಲ್‌ನಲ್ಲಿ ಮಾತನಾಡಿಸಿದ್ದು ಇನ್ನೂ ತೀರ್ಮಾನಕ್ಕೆ ಬಾರದಿದ್ದ 100 ಮತದಾರರನ್ನು. 1972ರಲ್ಲಿ ಪ್ರಕಟವಾದ ಆ ಅಧ್ಯಯನದ ಮೇಲೆ ಇವತ್ತಿಗೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಾರ್ಯಸೂಚಿ ನಿರೂಪಣೆಯ, ಅಂದರೆ ಜನರಿಗೆ ಯಾವ ವಿಷಯ ಮುಖ್ಯವೆನಿಸಬೇಕೆಂಬುದನ್ನು ಮಾಧ್ಯಮ ರೂಪಿಸುತ್ತದೆ ಎಂಬ ಸಿದ್ಧಾಂತದ, ಪಾಠ ನಡೆಯುತ್ತಿದೆ. ಪಾವಗಡದಿಂದ 40 ಮಂದಿ ಮಾತ್ರ ಸಿಕ್ಕಿದ್ದರಿಂದ ತಾಲ್ಲೂಕುಗಳ ಹೋಲಿಕೆ ಅಷ್ಟರಮಟ್ಟಿಗೆ ದುರ್ಬಲವಾಗುವುದು ನಿಜ. ಅದನ್ನು ಸಂಶೋಧನಾ ವಿಧಾನದ ಅಧ್ಯಾಯದಲ್ಲಿ, ಮಿತಿಗಳು ಎಂಬ ಭಾಗದಲ್ಲಿ, ಎರಡು ವಾಕ್ಯಗಳಲ್ಲಿ ಬರೆಯಬೇಕು. ಆ ಭಾಗ ಇರುವುದೇ ಅದಕ್ಕೆ.

ಎಲ್ಲರೂ ಮಾಡುತ್ತಾರೆ ಎಂದು ನಿಮಗೆ ಹೇಳಿದವರು, ಎರಡು ವರ್ಷ ಮೊದಲೇ ಪಿಎಚ್.ಡಿ. ಮುಗಿಸಿದ ನಿಮ್ಮ ಹಿರಿಯ ಗೆಳತಿ. ಅವರನ್ನು ನೀವು ಪತ್ರದುದ್ದಕ್ಕೂ ಅಕ್ಕ ಎಂದು ಪ್ರೀತಿಯಿಂದ ಕರೆದಿದ್ದೀರಿ. ನನ್ನ ಸಿಟ್ಟೆಲ್ಲ ಇರುವುದು ಅವರ ಮೇಲೆ. ಮಾರ್ಗದರ್ಶಕರ ಅವಸರಕ್ಕೆ ಒಂದು ಕಾರಣವಿದೆ, ಯಜಮಾನರು ಹೆಂಡತಿಯ ಕಷ್ಟ ನೋಡಲಾರದೆ ಪೆನ್ನು ಹಿಡಿದಿರಬಹುದು. ಆದರೆ ಇದೇ ದಾರಿಯಲ್ಲಿ ನಡೆದು ಬಂದವರು, ಸಂಶೋಧನಾ ನೈತಿಕತೆಯ ಪತ್ರಿಕೆಯನ್ನು ಕಡ್ಡಾಯವಾಗಿ ಓದಿ ಬರೆದವರು, ದಣಿದು ಕೂತ ಕಿರಿಯಳಿಗೆ "ಸಾಫ್ಟ್‌ವೇರ್‌ನಲ್ಲಿ ಗೊತ್ತಾಗಲ್ಲ ಬಿಡು" ಎಂದು ಧೈರ್ಯ ಹೇಳಿದ್ದು ನನಗೆ ತಡೆಯಲಾಗದ ಸಂಗತಿ. ಗೊತ್ತಾಗುವುದಿಲ್ಲ ಎಂಬುದು ಸತ್ಯವೇ. ಶೇ. 10ರ ಮಿತಿ ಹಾಕಿಕೊಂಡು ನಡೆಯುವ ಆ ಕೃತಿಚೌರ್ಯ ತಪಾಸಣೆ ಬೇರೆಯವರ ವಾಕ್ಯಗಳನ್ನು ನಕಲು ಮಾಡಿದ್ದರೆ ಹಿಡಿಯುತ್ತದೆ, ಇಲ್ಲದ ಹೆಂಗಸರನ್ನು ಸೃಷ್ಟಿಸಿದ್ದರೆ ಹಿಡಿಯುವುದಿಲ್ಲ. ಆದ್ದರಿಂದಲೇ ಅದನ್ನು ಹಿಡಿಯುವ ಹೊಣೆ ಪೂರ್ತಿಯಾಗಿ ನಿಮ್ಮ ಮೇಲೆ ಬಿದ್ದಿದೆ, ಮತ್ತು ಐದು ತಿಂಗಳಿಂದ ನಿಮ್ಮ ನಿದ್ದೆ ಕೆಟ್ಟಿರುವುದನ್ನು ನೋಡಿದರೆ ನೀವು ಆ ಹೊಣೆಯನ್ನು ಆಗಲೇ ಹೊತ್ತಿದ್ದೀರಿ.

ಕಾಲದ ಬಗ್ಗೆ ನಿಮಗಿರುವ ಭಯ ಅಗತ್ಯಕ್ಕಿಂತ ಹೆಚ್ಚಿನದು. ನಿಮ್ಮ ನೋಂದಣಿಗೆ ಅನ್ವಯಿಸುವ 2022ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮಾವಳಿಯಲ್ಲಿ ಪ್ರವೇಶದ ದಿನದಿಂದ ಆರು ವರ್ಷಗಳ ಅವಧಿಯಿದೆ. ಅದು ಸಾಲದಾದರೆ ಮರುನೋಂದಣಿಯ ಮೂಲಕ ಎರಡು ವರ್ಷ, ಮಹಿಳೆಯರಿಗೆ ಅದರ ಮೇಲೆ ಇನ್ನೂ ಎರಡು ವರ್ಷಗಳ ರಿಯಾಯಿತಿಗೆ ಅವಕಾಶವಿದೆ. ಮಗುವಿನ ಆರೈಕೆಗೆಂದು 240 ದಿನಗಳವರೆಗೆ ರಜೆ ಪಡೆಯಲೂ ಬರುತ್ತದೆ, ನೀವು ಅದರಲ್ಲಿ ಒಂದು ದಿನವನ್ನೂ ಬಳಸಿಕೊಂಡಂತೆ ಕಾಣುವುದಿಲ್ಲ. ಮಾರ್ಗದರ್ಶಕರು ನಿವೃತ್ತರಾದ ಮೇಲೂ 70 ವರ್ಷ ತುಂಬುವವರೆಗೆ ಸಹ ಮಾರ್ಗದರ್ಶಕರಾಗಿ ಮುಂದುವರಿಯಲು ಅದೇ ನಿಯಮಾವಳಿ ಬಿಡುತ್ತದೆ. ಪದವಿಯಿಲ್ಲದೆ ಕಾಯಂ ಕೆಲಸ ಸಿಗದು ಎಂಬ ನಿಮ್ಮ ಮಾತೂ ಸರಿಯಲ್ಲ. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ ಅಥವಾ ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರುವುದೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ನೀವು ಕೆ-ಸೆಟ್ ಪಾಸಾಗಿದ್ದೀರಿ. ಈ ಪದವಿಯನ್ನು ಹೇಗಾದರೂ ದಕ್ಕಿಸಿಕೊಳ್ಳಲೇಬೇಕಾದ ಅನಿವಾರ್ಯತೆಯಲ್ಲಿ ನೀವಿಲ್ಲ.

ಬಿಡಬೇಕೋ ಮುಂದುವರಿಸಬೇಕೋ ಎಂಬ ಪ್ರಶ್ನೆಗೆ ನಾನು ಇವತ್ತು ಉತ್ತರಿಸುವುದಿಲ್ಲ, ನೀವೂ ಸದ್ಯಕ್ಕೆ ಉತ್ತರಿಸಿಕೊಳ್ಳಬೇಡಿ. ಅದಕ್ಕಿಂತ ಮೊದಲು ಒಂದು ಕೆಲಸವಿದೆ. ಅಂಕಿಅಂಶ ವಿಶ್ಲೇಷಣೆಯ ಎಸ್‌ಪಿಎಸ್‌ಎಸ್ ಫೈಲಿನಿಂದ ಆ ಅರವತ್ತು ಸಾಲುಗಳನ್ನು ಅಳಿಸಿ, ಅರವತ್ತು ಹಾಳೆಗಳನ್ನು ಕಟ್ಟಿನಿಂದ ಬೇರ್ಪಡಿಸಿ ಒಂದು ಲಕೋಟೆಯಲ್ಲಿಟ್ಟುಕೊಂಡು, ಈ ವಾರದೊಳಗೆ ಮಾರ್ಗದರ್ಶಕರನ್ನು ಖುದ್ದಾಗಿ ಕಂಡು ನಡೆದದ್ದನ್ನು ಹೇಳಿ. ಫೋನಿನಲ್ಲಿ ಬೇಡ. ಸಂಶೋಧನಾ ಸಲಹಾ ಸಮಿತಿಗೆ ಕೊಟ್ಟ ಕಳೆದ ಪ್ರಗತಿ ವರದಿಯಲ್ಲಿ 300 ಪೂರ್ಣಗೊಂಡಿದೆ ಎಂದು ಬರೆದಿದ್ದೀರಲ್ಲ, ಮುಂದಿನ ವರದಿಯಲ್ಲಿ ಅದು ತಿದ್ದುಪಡಿಯಾಗಬೇಕೆಂದು ಅವರನ್ನು ನೀವೇ ಕೇಳಿಕೊಳ್ಳಿ. ಅವರು ಬೈಯಬಹುದು, ಲಿಖಿತ ವಿವರಣೆ ಕೇಳಬಹುದು. ಮಹಾಪ್ರಬಂಧ ಪರೀಕ್ಷಕರ ಕೈಸೇರಿ, ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಯಾರು ಬೇಕಾದರೂ ತೆರೆದು ಓದುವಂತಾದ ಮೇಲೆ ಹೇಳುವುದಕ್ಕಿಂತ ಈಗ ಹೇಳುವುದು ಎಷ್ಟೋ ಹಗುರ.

ಪಾವಗಡಕ್ಕೆ ಮತ್ತೆ ಹೋಗುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಹೋಗುವುದಾದರೆ ತೆಲುಗು ಬಲ್ಲ ವಿದ್ಯಾರ್ಥಿನಿಯೊಬ್ಬಳನ್ನು ಜೊತೆಗೆ ಕರೆದುಕೊಳ್ಳಿ, ಪ್ರಶ್ನಾವಳಿಯ ಅಂಚಿನಲ್ಲಿ ಹೆಚ್ಚು ಜಾಗ ಬಿಟ್ಟು ಅಚ್ಚು ಹಾಕಿಸಿ, ಮಗಳನ್ನು ಅತ್ತೆಯವರ ಬಳಿ ಬಿಡುವಾಗ ಯಾಕೆ ಮತ್ತೆ ಹೋಗುತ್ತಿದ್ದೀರೆಂದು ಅವರಿಗೂ ತಿಳಿಸಿ. ಮಾರ್ಗದರ್ಶಕರ ಮುಂದೆ ಕೂತಾಗ ಗೆಳತಿಯ ಹೆಸರು ಎತ್ತಬೇಡಿ, ಯಜಮಾನರ ಹೆಸರೂ ಬೇಡ. ತುಂಬಿದವಳು ನಾನು ಎಂದಷ್ಟೇ ಹೇಳಿ, ಲಕೋಟೆಯನ್ನು ಮೇಜಿನ ಮೇಲಿಡಿ.