ಜರ್ಮನ್ ಶೆಫರ್ಡೋ ಪಗ್ಗೋ: ಮೊದಲು ಮಾವನವರನ್ನು ಕೇಳಿ

ಓದುಗರ ಪತ್ರ

ಮಾನ್ಯ ಸಂಪಾದಕರೇ, ಮನೆಯಲ್ಲಿ ನಾಯಿ ಸಾಕಬೇಕೆಂದು ಎಲ್ಲರೂ ಒಪ್ಪಿದ್ದೇವೆ. ಯಾವ ನಾಯಿ ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ನನ್ನ ಪತಿಗೆ ಜರ್ಮನ್ ಶೆಫರ್ಡ್ ಅಥವಾ ಬೆಲ್ಜಿಯನ್ ಮ್ಯಾಲಿನೋಯ್ಸ್ ಬೇಕು. ಮನೆಗೆ ಕಾವಲಾಗುತ್ತದೆ ಎನ್ನುತ್ತಾರೆ. ನನಗೆ ಪಗ್ ಅಥವಾ ಶಿಟ್ಜು ಸಾಕು ಅನ್ನಿಸುತ್ತದೆ. ಚಿಕ್ಕ ನಾಯಿಗೆ ಆರೈಕೆಯೂ ಕಡಿಮೆ ತಾನೆ? ನಾವಿಬ್ಬರೂ ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆ ಆರೂವರೆಗೆ. ಮಗನಿಗೆ 11 ವರ್ಷ, ಮಗಳಿಗೆ 6. ನಮ್ಮ ಮಾವನವರಿಗೆ 72 ವರ್ಷ. ಮನೆಯಲ್ಲೇ ಇರುತ್ತಾರೆ, ಮಂಡಿನೋವಿದೆ. ಮನೆ ಮೊದಲ ಮಹಡಿಯಲ್ಲಿದೆ. ನಮ್ಮಿಬ್ಬರಲ್ಲಿ ಯಾರು ಹೇಳುವುದು ಸರಿ? ಎರಡೂ ಬಗೆಯ ನಾಯಿಗಳನ್ನು ತಂದುಬಿಡೋಣ ಎನ್ನುತ್ತಾನೆ ಮಗ.

– ಒಬ್ಬ ಓದುಗರು

ಸಂಪಾದಕರ ಉತ್ತರ

ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ಪತಿಯ ಆಸೆಯಿದೆ, ನಿಮ್ಮ ಆಸೆಯಿದೆ, ಮಗನ ಸಲಹೆಯೂ ಇದೆ. ಮಾವನವರು ಏನೆಂದರು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ನೀವಿಬ್ಬರೂ ಮನೆಯಿಂದ ಹೊರಟ ಮೇಲೆ ಹತ್ತು ಗಂಟೆಗಳ ಕಾಲ ಆ ನಾಯಿಯೊಂದಿಗೆ ಇರುವವರು ಅವರು. ಬಾಗಿಲು ತೆರೆಯುವವರು, ನೀರಿಡುವವರು, ಮೆಟ್ಟಿಲಿಳಿಸಿ ಹೊರಗೆ ಕರೆದೊಯ್ಯಬೇಕಾದವರು, ಅದು ಬೊಗಳಿದಾಗ ಸುಮ್ಮನಿರಿಸಬೇಕಾದವರು ಎಲ್ಲವೂ ಅವರೇ. ತಂದುಕೊಳ್ಳುವವರು ನೀವಾದರೂ ನಾಯಿ ಬದುಕುವುದು ಅವರ ಜೊತೆ. ಹಾಗಾಗಿ ನಿಮ್ಮಿಬ್ಬರಲ್ಲಿ ಯಾರು ಸರಿ ಎಂದು ಹೇಳುವ ಬದಲು, ಅವರ ದಿನಚರಿಗೆ ಯಾವ ನಾಯಿ ಹೊಂದುತ್ತದೆ ಎಂಬಲ್ಲಿಂದ ಶುರುಮಾಡುತ್ತೇನೆ. ಅವರು ನಾಯಿಯೇ ಬೇಡವೆಂದರೆ ಮುಂದಿನದನ್ನು ಓದುವ ಅಗತ್ಯವಿಲ್ಲ, ಈಗ ತರಬೇಡಿ.

ಮೊದಲು ನಿಮ್ಮ ಯಜಮಾನರ ಮಾತು. ಅವರು ಹೆಸರಿಸಿದ ಎರಡೂ ತಳಿಗಳು ಕುರಿ ಕಾಯುವುದಕ್ಕಾಗಿ ರೂಪುಗೊಂಡವು. ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಜ್ ಎಂಬ ಮಾಜಿ ಸೇನಾಧಿಕಾರಿ 1899ರಲ್ಲಿ ಒಂದು ನಾಯಿಯನ್ನು ಕೊಂಡು, ಅದಕ್ಕೆ ಹೊರಾಂಡ್ ಎಂದು ಹೆಸರಿಟ್ಟು, ಜರ್ಮನ್ ಶೆಫರ್ಡ್ ತಳಿಯ ಮೊದಲ ನೋಂದಣಿ ಮಾಡಿಸಿದರು. ಅವರಿಗೆ ಬೇಕಾಗಿದ್ದದ್ದು ದಿನವಿಡೀ ಹಿಂಡಿನ ಸುತ್ತ ಓಡಾಡಬಲ್ಲ, ಯಜಮಾನನ ಸನ್ನೆಯನ್ನು ದೂರದಿಂದಲೇ ಗ್ರಹಿಸಬಲ್ಲ, ಅಪರಿಚಿತರನ್ನು ಸುಲಭಕ್ಕೆ ನಂಬದ ನಾಯಿ. ಬೆಲ್ಜಿಯಂನ ಮ್ಯಾಲಿನೋಯ್ಸ್ ಇನ್ನೂ ಹಗುರ, ಇನ್ನೂ ಚುರುಕು. ಇಂದು ಜಗತ್ತಿನ ಹಲವು ದೇಶಗಳ ಪೊಲೀಸ್ ಮತ್ತು ಸೇನಾಪಡೆಗಳು ಅದನ್ನು ಬಳಸುತ್ತವೆ. 2011ರಲ್ಲಿ ಒಸಾಮಾ ಬಿನ್ ಲಾಡೆನ್ ಅಡಗುದಾಣಕ್ಕೆ ನುಗ್ಗಿದ ಅಮೆರಿಕದ ಪಡೆಯ ಜೊತೆಗಿದ್ದ ನಾಯಿಯೂ ಇದೇ ತಳಿಯದು. ಅಂಥ ನಾಯಿಯ ವಿಡಿಯೊ ನೋಡಿದವರಿಗೆ ಅದನ್ನು ಸಾಕುವ ಆಸೆ ಹುಟ್ಟುವುದು ಸಹಜ. ಆದರೆ ಆ ವಿಡಿಯೊಗಳಲ್ಲಿ ನಾಯಿಯ ಪಕ್ಕದಲ್ಲಿ ನಿಂತಿರುವ ಮನುಷ್ಯನಿಗೆ ಆ ನಾಯಿಯೇ ಪೂರ್ಣಾವಧಿ ಉದ್ಯೋಗ ಎಂಬುದನ್ನು ಯಜಮಾನರು ಗಮನಿಸಲಿ.

ದುಡಿಮೆಗೆಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ ನಾಯಿಗೆ ದುಡಿಮೆ ಸಿಗದಿದ್ದರೆ ಅದು ಸುಮ್ಮನೆ ಮಲಗುವುದಿಲ್ಲ, ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಬಾಗಿಲ ಚೌಕಟ್ಟನ್ನು ಕಚ್ಚುತ್ತದೆ, ಕಿಟಕಿಯ ಬಳಿ ನಿಂತು ಹಾದುಹೋಗುವ ಪ್ರತಿಯೊಬ್ಬರಿಗೂ ಬೊಗಳುತ್ತದೆ, ತನ್ನ ಬಾಲವನ್ನೇ ಅಟ್ಟುತ್ತಾ ಗಂಟೆಗಟ್ಟಲೆ ಸುತ್ತುತ್ತದೆ. ಓಡುವ ಮಕ್ಕಳನ್ನು ಕುರಿಮರಿಗಳೆಂದೇ ಭಾವಿಸಿ ಹಿಮ್ಮಡಿಗೆ ಬಾಯಿಹಾಕಿ ಗುಂಪುಗೂಡಿಸಲು ನೋಡುತ್ತದೆ. ಅದರಲ್ಲಿ ಕೆಡುಕಿಲ್ಲ, ರಕ್ತದಲ್ಲಿ ಬಂದದ್ದು. ಆದರೆ ಆರು ವರ್ಷದ ಮಗುವಿಗೆ ಅದು ಹೇಗೆ ತಿಳಿಯಬೇಕು? ಇಂಥ ನಾಯಿಗಳನ್ನು ಜನ ‘ಹಾಳಾದ ನಾಯಿ’ ಎಂದು ಕರೆದು ಬಿಟ್ಟುಕೊಡುವಾಗ ನನಗೆ ತುಂಬಾ ನೋವಾಗುತ್ತದೆ. ಹೆಚ್ಚಿನವನ್ನು ಕೊಡುವುದು ಎಂಟು ತಿಂಗಳಿನಿಂದ ಎರಡು ವರ್ಷದೊಳಗೆ, ಅಂದರೆ ಮರಿತನದ ಮುದ್ದು ಹೋಗಿ ಹದಿಹರೆಯದ ಹುಮ್ಮಸ್ಸು ಬಂದಾಗ. ಒಂದು ಬಾರಿ ಮನೆ ಕಳೆದುಕೊಂಡ 35 ಕಿಲೋ ತೂಕದ ನಾಯಿಗೆ ಇನ್ನೊಂದು ಮನೆ ಸಿಗುವುದು ಬಹಳ ಕಷ್ಟ.

ಕಾವಲಿನ ವಿಷಯವನ್ನೂ ನೇರವಾಗಿ ಹೇಳಬೇಕು. ಬಾಗಿಲಲ್ಲಿ ಯಾರೋ ಇದ್ದಾರೆಂದು ಎಚ್ಚರಿಸುವುದು ಬೇರೆ, ಒಳನುಗ್ಗಿದವನನ್ನು ತಡೆಯುವುದು ಬೇರೆ. ಮೊದಲನೆಯದನ್ನು ನಾಲ್ಕು ಕಿಲೋ ನಾಯಿಯೂ ಚೆನ್ನಾಗಿ ಮಾಡುತ್ತದೆ. ಎರಡನೆಯದಕ್ಕೆ ನಾಯಿಗೂ ಅದನ್ನು ನಡೆಸುವವರಿಗೂ ದೀರ್ಘಕಾಲದ ತರಬೇತಿ ಬೇಕು. ಬಿಡು ಎಂದ ಕ್ಷಣದಲ್ಲಿ ಬಿಡುವುದನ್ನು ಕಲಿಸುವುದೇ ಅದರಲ್ಲಿ ಅತಿ ಕಷ್ಟದ ಪಾಠ. ತರಬೇತಿಯಿಲ್ಲದೆ ಕಟ್ಟಿಹಾಕಿ ‘ಗಡುಸಾಗಲಿ’ ಎಂದು ಬೆಳೆಸಿದ ನಾಯಿ ಕಾವಲುಗಾರನಾಗುವುದಿಲ್ಲ, ಭಯಗ್ರಸ್ತನಾಗುತ್ತದೆ. ಕಳ್ಳ ಯಾರು, ಮಗನ ಗೆಳೆಯ ಯಾರು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮನೆಯ ಭದ್ರತೆ ನಿಜವಾದ ಚಿಂತೆಯಾಗಿದ್ದರೆ ಒಳ್ಳೆಯ ಬೀಗ ಹಾಕಿಸಿ, ಹೊರಗೆ ದೀಪ ಹಾಕಿಸಿ. ಆ ಹೊರೆಯನ್ನು ಒಂದು ಪ್ರಾಣಿಯ ಮೇಲೆ ಹೇರಬೇಡಿ.

ಇನ್ನು ಮೆಟ್ಟಿಲು. ದೊಡ್ಡ ತಳಿಗಳಲ್ಲಿ ಸೊಂಟದ ಕೀಲಿನ ದೋಷ ಸಾಮಾನ್ಯ. ಜರ್ಮನ್ ಶೆಫರ್ಡ್‌ನಲ್ಲಂತೂ ಅದು ಎಲ್ಲರಿಗೂ ತಿಳಿದ ಸಮಸ್ಯೆ. ಹತ್ತು ವರ್ಷ ದಾಟಿದ, ಹಿಂಗಾಲು ಎಳೆಯುವ ನಾಯಿಯನ್ನು ದಿನಕ್ಕೆ ನಾಲ್ಕು ಬಾರಿ ಮೊದಲ ಮಹಡಿಯಿಂದ ಎತ್ತಿ ಇಳಿಸುವವರು ಯಾರು? ಆಗ ಮಾವನವರಿಗೆ ಎಂಬತ್ತು ದಾಟಿರುತ್ತದೆ. ಅಷ್ಟು ದೂರ ಹೋಗುವುದೂ ಬೇಡ: ಬೆಕ್ಕನ್ನು ಕಂಡು ಒಮ್ಮೆಲೇ ಮುನ್ನುಗ್ಗುವ ಎರಡು ವರ್ಷದ ಶೆಫರ್ಡ್‌ನ ಬೆಲ್ಟ್ ಮಂಡಿನೋವಿರುವ ಹಿರಿಯರ ಕೈಯಲ್ಲಿರುವುದನ್ನು ಊಹಿಸಿಕೊಳ್ಳಿ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಸುಲಭವಲ್ಲ. ದೊಡ್ಡ ನಾಯಿ ಈ ಮನೆಗೆ ಬೇಡ ಎನ್ನಲು ನನಗೆ ಇದೊಂದೇ ಕಾರಣ ಸಾಕಾಗಿತ್ತು.

ಹಾಗಾದರೆ ನೀವು ಗೆದ್ದಿರಾ? ಇಲ್ಲ ಸಹೋದರಿ. ಚಿಕ್ಕ ನಾಯಿಗೆ ಆರೈಕೆ ಕಡಿಮೆ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ.

ಪಗ್ ನಾಯಿಯ ಗೊರಕೆಯನ್ನು ಜನ ಮುದ್ದು ಎನ್ನುತ್ತಾರೆ. ಅದು ಉಸಿರಿಗಾಗಿ ನಡೆಯುವ ಹೋರಾಟ. ಮೂತಿಯನ್ನು ಗಿಡ್ಡವಾಗಿಸುತ್ತಾ ಹೋದಾಗ ತಲೆಬುರುಡೆಯ ಮೂಳೆ ಕಿರಿದಾಯಿತು, ಒಳಗಿನ ಮೃದು ಅಂಗಾಂಶ ಅದೇ ಪ್ರಮಾಣದಲ್ಲಿ ಕಿರಿದಾಗಲಿಲ್ಲ. ಹೀಗಾಗಿ ಉದ್ದವಾದ ಅಂಗುಳ ಗಾಳಿಯ ದಾರಿಗೆ ಅಡ್ಡ ಬರುತ್ತದೆ, ಮೂಗಿನ ಹೊಳ್ಳೆಗಳು ಸೀಳಿನಷ್ಟೇ ತೆರೆದಿರುತ್ತವೆ. ನಾಯಿ ಮೈಯನ್ನು ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ; ಆ ದಾರಿಯೇ ಕಟ್ಟಿಕೊಂಡಿದ್ದರೆ ಬಿಸಿಲಿನಲ್ಲಿ ಸ್ವಲ್ಪ ಓಡಿದರೂ ಪ್ರಾಣಕ್ಕೆ ಕುತ್ತು. ನೆದರ್ಲೆಂಡ್ಸ್ ಸರ್ಕಾರ 2019ರಲ್ಲಿ ಅತಿ ಗಿಡ್ಡ ಮೂತಿಯ ನಾಯಿಗಳ ಸಂತಾನಾಭಿವೃದ್ಧಿಗೆ ಕಟ್ಟುನಿಟ್ಟಿನ ಮಿತಿ ಹಾಕಿದ್ದು ಇದೇ ಕಾರಣಕ್ಕೆ. ಈಗಾಗಲೇ ಹುಟ್ಟಿ, ಮನೆಯಿಲ್ಲದೆ ಇರುವ ಪಗ್‌ಗೆ ಆಸರೆ ಕೊಡುವುದು ಪುಣ್ಯದ ಕೆಲಸ. ಮಾರಾಟಕ್ಕಿಟ್ಟ ಮರಿಯನ್ನು ಕೊಂಡು ಆ ವ್ಯಾಪಾರ ಬೆಳೆಸುವುದು ಬೇಡವೆಂದು ಕೇಳಿಕೊಳ್ಳುತ್ತೇನೆ. ಶಿಟ್ಜುವಿನದ್ದು ನಿರಂತರವಾಗಿ ಬೆಳೆಯುವ ಕೂದಲು. ದಿನವೂ ಬಾಚದಿದ್ದರೆ ಗಂಟುಕಟ್ಟಿ ಚರ್ಮ ಹುಣ್ಣಾಗುತ್ತದೆ. ಉಬ್ಬಿದ ಕಣ್ಣುಗಳಿಗೆ ಗಾಯವೂ ಬೇಗ.

ಯಾವ ಚಿಕ್ಕ ನಾಯಿಯೇ ಆಗಲಿ, ಬಾಯೊಳಗೆ ಹಲ್ಲು 42. ದೈತ್ಯ ಗಾತ್ರದ ಗ್ರೇಟ್ ಡೇನ್‌ಗೂ ಅಷ್ಟೇ, ಅತಿ ಪುಟ್ಟ ಚಿವಾವಾಗೂ ಅಷ್ಟೇ. ಅಷ್ಟು ಹಲ್ಲು ಬೆರಳುದ್ದದ ದವಡೆಯಲ್ಲಿ ಒತ್ತೊತ್ತಾಗಿ ಕೂತಾಗ ಕೊಳೆ ಸೇರಿ ವಸಡು ಹಾಳಾಗುತ್ತದೆ. ಆದ್ದರಿಂದ ಹಲ್ಲುಜ್ಜುವುದು ಇವುಗಳಿಗೆ ದಿನನಿತ್ಯದ ಕೆಲಸ. ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಸಿಯುವುದು ಕೂಡ ಪುಟ್ಟ ತಳಿಗಳ ತೊಂದರೆಗಳೇ. ಹಾಗಾಗಿ ಕೊರಳಪಟ್ಟಿಗೆ ಬೆಲ್ಟ್ ಸಿಕ್ಕಿಸಿ ಎಳೆಯುವ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಬೇಕು. ಎರಡು ಕಿಲೋ ತೂಗುವ ನಾಯಿ ಮಗುವಿನ ತೋಳಿನಿಂದ ಜಾರಿ ಬಿದ್ದರೆ ಕಾಲು ಮುರಿಯಬಹುದು. ಸದ್ದಿಲ್ಲದೆ ಕಾಲಡಿ ಸುಳಿಯುವ ಪುಟ್ಟ ನಾಯಿಗೆ ಹಿರಿಯರು ಎಡವುವುದೂ ಉಂಟು. ಅದರ ಕೊರಳಿಗೆ ಒಂದು ಗೆಜ್ಜೆ ಕಟ್ಟಿ. ಎಲ್ಲಿದೆಯೆಂದು ಮಾವನವರಿಗೆ ತಿಳಿಯುತ್ತದೆ.

ಗಾತ್ರ ನೋಡಿ ಸ್ವಭಾವವನ್ನು ಅಳೆಯುವುದಂತೂ ಸಲ್ಲದು. ಡ್ಯಾಶ್‌ಹಂಡ್ ಬಿಲದೊಳಗೆ ನುಗ್ಗಿ ಬ್ಯಾಜರ್ ಎಂಬ ಕಾದಾಡುವ ಪ್ರಾಣಿಯನ್ನು ಎದುರಿಸಲು ಬೆಳೆಸಿದ ನಾಯಿ. ಜ್ಯಾಕ್ ರಸೆಲ್ ಟೆರಿಯರ್ ನರಿ ಬೇಟೆಗೆ, ಯಾರ್ಕ್‌ಶೈರ್ ಟೆರಿಯರ್ ಗಿರಣಿಗಳ ಇಲಿ ಹಿಡಿಯಲು. ಇವೆಲ್ಲ ಪುಟ್ಟ ಮೈಯೊಳಗಿನ ದುಡಿಮೆಯ ನಾಯಿಗಳೇ. ಮನುಷ್ಯರ ಮೇಲೆ ಎರಗುವ ಪ್ರವೃತ್ತಿಯ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಂಚೂಣಿಯಲ್ಲಿ ಕಂಡದ್ದು ಡ್ಯಾಶ್‌ಹಂಡ್, ಚಿವಾವಾ, ಜ್ಯಾಕ್ ರಸೆಲ್‌ಗಳು. ಪುಟ್ಟ ನಾಯಿ ಗುರ್ ಎಂದರೆ ನಾವು ನಕ್ಕು ಎತ್ತಿಕೊಳ್ಳುತ್ತೇವೆ, ದೊಡ್ಡದು ಗುರ್ ಎಂದರೆ ತರಬೇತುದಾರರನ್ನು ಕರೆಯುತ್ತೇವೆ. ಪುಟ್ಟದಕ್ಕೂ ಕೂರು, ನಿಲ್ಲು, ಬಿಡು ಎಂಬುದನ್ನು ಅಷ್ಟೇ ಶಿಸ್ತಾಗಿ ಕಲಿಸಬೇಕು.

ತಳಿಯ ಹೆಸರನ್ನೇ ಪೂರ್ತಿ ನಂಬಲೂ ಆಗದು. 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಸೇರಿಸಿ 2022ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ನಾಯಿ ನಾಯಿಗಳ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಹಾಗೆಂದು ತಳಿಗೆ ಅರ್ಥವೇ ಇಲ್ಲವೆಂದಲ್ಲ. ಹೇಳಿದ್ದನ್ನು ಕಲಿಯುವ ಒಲವಿನಂಥ ಕೆಲವು ಗುಣಗಳಲ್ಲಿ ತಳಿಯ ಪ್ರಭಾವ ಸ್ಪಷ್ಟವಾಗಿದೆ. ಆದರೆ ನಿಮ್ಮ ಮನೆಗೆ ಬರುವುದು ತಳಿಯಲ್ಲ, ಒಂದು ನಾಯಿ. ಅದನ್ನು ಕಣ್ಣಾರೆ ಕಂಡೇ ನಿರ್ಧರಿಸಬೇಕು.

ಅದಕ್ಕಾಗಿಯೇ ಮರಿ ಬೇಡ ಎನ್ನುತ್ತೇನೆ. ಎರಡು ತಿಂಗಳ ಮರಿ ಹೇಗೆ ಬೆಳೆದೀತೆಂದು ಊಹಿಸಬಹುದು, ಅಷ್ಟೇ. ಅದಕ್ಕೆ ಎರಡು ಗಂಟೆಗೊಮ್ಮೆ ಹೊರಗೆ ಹೋಗಬೇಕು, ನೆಲ ಒರೆಸಬೇಕು. ಬಾಗಲಾರದ ಮಾವನವರ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ. ಮೂರು-ನಾಲ್ಕು ವರ್ಷದ, ಆರರಿಂದ ಹತ್ತು ಕಿಲೋ ತೂಗುವ, ಮೂತಿ ಸಹಜವಾಗಿ ಉದ್ದವಿರುವ, ಶಾಂತ ಸ್ವಭಾವದ ಮಿಶ್ರತಳಿಯ ನಾಯಿಯನ್ನು ಪ್ರಾಣಿಗಳ ಆಶ್ರಯಧಾಮದಲ್ಲಿ ಹುಡುಕಿ. ಆ ವಯಸ್ಸಿಗೆ ಅದರ ಗುಣ ನೆಲೆನಿಂತಿರುತ್ತದೆ. ಅಲ್ಲಿಗೆ ಮಾವನವರನ್ನು ಕರೆದೊಯ್ದು ಒಂದು ಕುರ್ಚಿಯಲ್ಲಿ ಕೂರಿಸಿ, ಯಾರೂ ಕರೆಯದೆ ಕಾಯಿರಿ. ತಾನಾಗಿ ಬಂದು ಮೂಸಿ, ಪಕ್ಕದಲ್ಲಿ ಸುಮ್ಮನೆ ಕೂರುವ ನಾಯಿಯ ಮೇಲೆ ಕಣ್ಣಿಡಿ. ಬೀಗದ ಕೈಗೊಂಚಲನ್ನು ನೆಲಕ್ಕೆ ಬೀಳಿಸಿ: ಬೆಚ್ಚಿದರೆ ಚಿಂತೆಯಿಲ್ಲ, ಅರೆಗಳಿಗೆಯಲ್ಲಿ ಸಾವರಿಸಿಕೊಂಡು ಮತ್ತೆ ಬಂದರೆ ಒಳ್ಳೆಯ ಲಕ್ಷಣ. ಕಿವಿ, ಪಾದ, ಬಾಯಿ ಮುಟ್ಟಲು ಬಿಡುತ್ತದೆಯೇ ನೋಡಿ. ಇನ್ನೊಂದು ದಿನ ಮಕ್ಕಳೊಂದಿಗೆ ಹೋಗಿ. ಪಶುವೈದ್ಯರಿಂದ ಹೃದಯ, ಹಲ್ಲು, ಮಂಡಿ ಪರೀಕ್ಷಿಸಿ, ರೇಬೀಸ್ ಲಸಿಕೆ ಆಗಿದೆಯೇ ಕೇಳಿ. ಮನೆಗೆ ತಂದ ಮೇಲೆ ಮೊದಲ ಕೆಲವು ದಿನ ಅದು ಮೂಲೆ ಸೇರಿದರೆ ಬಿಟ್ಟುಬಿಡಿ. ಮನೆಯ ಲಯಕ್ಕೆ ಹೊಂದಿಕೊಳ್ಳಲು ವಾರಗಳು, ಪೂರ್ತಿ ನಂಬಲು ತಿಂಗಳುಗಳೇ ಬೇಕು.

ಒಂದು ಲೆಕ್ಕ ಮಾತ್ರ ಈಗಲೇ ಹಾಕಿಕೊಳ್ಳಿ. ಪ್ರಾಣಿಜಗತ್ತಿನಲ್ಲಿ ಸಾಮಾನ್ಯವಾಗಿ ದೊಡ್ಡ ಪ್ರಾಣಿಗೆ ದೀರ್ಘಾಯುಷ್ಯ. ಇಲಿಗಿಂತ ಆನೆ ಹೆಚ್ಚು ಬದುಕುತ್ತದೆ. ನಾಯಿಗಳೊಳಗೆ ಇದು ತಿರುಗುಮುರುಗು. ಗ್ರೇಟ್ ಡೇನ್ ಎಂಟು-ಹತ್ತು ವರ್ಷ ಬದುಕಿದರೆ ಪುಟ್ಟ ನಾಯಿಗಳು ಹದಿನಾಲ್ಕು-ಹದಿನೈದು ಮುಟ್ಟುವುದು ಅಪರೂಪವಲ್ಲ. ನಾಲ್ಕು ವರ್ಷದ ಪುಟ್ಟ ನಾಯಿ ತಂದರೆ ನಿಮ್ಮ ಮಗಳು ಹದಿನಾರು ದಾಟುವವರೆಗೆ ಅದು ಜೊತೆಗಿರಬಹುದು. ಮಾವನವರಿಗೆ ಆಗದ ದಿನ ಬಂದಾಗ ಬೆಲ್ಟ್ ಯಾರ ಕೈಗೆ ಎಂಬುದನ್ನು ಈಗಲೇ ಒಟ್ಟಿಗೆ ಕೂತು ಮಾತಾಡಿಕೊಳ್ಳಿ, ಅವರೆದುರಿಗೇ. ಅದರಿಂದ ಅವರಿಗೂ ನೆಮ್ಮದಿ.

ಯಜಮಾನರ ಆಸೆಯನ್ನು ನಾನು ಅಲ್ಲಗಳೆದೆನೆಂದು ಅವರು ಭಾವಿಸಬಾರದು. ದುಡಿಮೆಯ ನಾಯಿಯ ಜೊತೆ ಬೆಳಗಿನ ಜಾವ ಓಡುವ, ಅದಕ್ಕೆ ಮೂಸಿ ಹುಡುಕುವ ಆಟ ಕಲಿಸುವ ಸುಖ ದೊಡ್ಡದು. ಹಗಲು ಬಿಡುವಿರುವ, ಮೆಟ್ಟಿಲಿಲ್ಲದ ಮನೆಯ ಕಾಲ ಅವರಿಗೆ ಬರಲಿ. ಆಗ ಅಪ್ಪ ಅಮ್ಮ ನಾಯಿಗಳ ಸೊಂಟದ ಎಕ್ಸ್‌ರೇ ತೋರಿಸುವ, ಮರಿಯ ತಾಯಿಯನ್ನು ಮುಚ್ಚಿಡದ ಸಾಕಣೆದಾರರಿಂದ ತರಲಿ. ಅಲ್ಲಿಯವರೆಗೆ ರಜಾದಿನಗಳಲ್ಲಿ ಆಶ್ರಯಧಾಮದ ದೊಡ್ಡ ನಾಯಿಗಳನ್ನು ನಡೆದಾಡಿಸಲು ಹೋಗಬಹುದು. ಆ ನಾಯಿಗಳಿಗೆ ಅಂಥ ಜೊತೆ ನಿಜಕ್ಕೂ ಬೇಕು.

ಮಗನ ಸಲಹೆಗೆ ನನ್ನ ಉತ್ತರ ಬೇಡ ಎಂಬುದೇ. ಒಟ್ಟಿಗೆ ತಂದ ಎರಡು ನಾಯಿಗಳು ಮನೆಯವರಿಗಿಂತ ಒಂದಕ್ಕೊಂದು ಹೆಚ್ಚು ಅಂಟಿಕೊಳ್ಳುತ್ತವೆ, ನಾವು ಹೇಳಿದ್ದನ್ನು ಕಲಿಯುವುದು ನಿಧಾನವಾಗುತ್ತದೆ. ಆಟದಲ್ಲಿ ದೊಡ್ಡದರ ಪಂಜದ ಒಂದು ಹೊಡೆತವೇ ಪುಟ್ಟದಕ್ಕೆ ಏಟಾದೀತು. ಅವನಿಗೆ ಬೇರೆ ಜವಾಬ್ದಾರಿ ಕೊಡಿ: ಸಂಜೆ ಬಾಚುವುದು ಮತ್ತು ಹಲ್ಲುಜ್ಜುವುದು ಅವನ ಪಾಲಿಗಿರಲಿ. ಹನ್ನೊಂದರ ಹುಡುಗ ಇವನ್ನು ಚೆನ್ನಾಗಿಯೇ ಮಾಡಬಲ್ಲ. ಮೊದಲ ತಿಂಗಳು ನಿಮ್ಮಿಬ್ಬರಲ್ಲಿ ಒಬ್ಬರು ಪಕ್ಕದಲ್ಲೇ ಇರಿ. ನಾಯಿ ಉಣ್ಣುವಾಗ, ಮಲಗಿರುವಾಗ ಮುಟ್ಟಬಾರದೆಂದು ತಂಗಿಗೆ ಹೇಳಿಕೊಡುವ ಕೆಲಸವನ್ನೂ ಅವನಿಗೇ ವಹಿಸಿ. ಆದರೆ ನಾಯಿ ಎಷ್ಟೇ ಸಾಧುವಾಗಿರಲಿ, ಅವಳನ್ನು ಅದರೊಂದಿಗೆ ಒಂಟಿಯಾಗಿ ಬಿಡಬೇಡಿ.

– ಸಂಪಾದಕ