ಮಕ್ಕಳ ಕಾಟದ ಮೇಲೆ ಸಂಶೋಧನೆ: ಇದೂ ಒಂದು ಕೆಲಸವೇ?

ಪ್ರಶ್ನೆ: ಮಗಳು ತುಮಕೂರಿನಲ್ಲಿ ಬಿ.ಎ. ಕೊನೇ ವರ್ಷ, ಮನಶ್ಶಾಸ್ತ್ರ ಓದುತ್ತಿದ್ದಾಳೆ. ಶಾಲೆಯಲ್ಲಿ ಮಕ್ಕಳು ಮಕ್ಕಳಿಗೇ ಕಾಟ ಕೊಡುವುದರ ಬಗ್ಗೆ ಸಂಶೋಧನೆ ಮಾಡುತ್ತಾಳಂತೆ. ನಮ್ಮ ಕಾಲದಲ್ಲೂ ಅಡ್ಡಹೆಸರಿಟ್ಟು ರೇಗಿಸುತ್ತಿದ್ದರು, ಗುದ್ದುತ್ತಿದ್ದರು. ನಾವು ಬೆಳೆಯಲಿಲ್ಲವೇ? ಇದನ್ನೇ ನಂಬಿ ಬದುಕಲು ಆಗುತ್ತದೆಯೇ?
– ಒಬ್ಬ ತಂದೆ, ಶಿರಾ ತಾಲ್ಲೂಕು

ಉತ್ತರ: ನಿಮ್ಮನ್ನು ಗುದ್ದಿದವನಿಗೆ ನೀವೂ ತಿರುಗಿ ಗುದ್ದಿದ್ದರೆ ಅದು ಜಗಳ, ಸಂಜೆಗೆ ಮುಗಿಯುತ್ತದೆ. ಬೇಕೆಂದೇ, ಮತ್ತೆ ಮತ್ತೆ, ತಿರುಗಿ ಬೀಳಲಾಗದವರ ಮೇಲೆಯೇ ನಡೆದರೆ ಅದು ಕಾಟ. ಈ ಗೆರೆ ಎಳೆದವರು ಸ್ವೀಡನ್ನಿನಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್. 1970ರ ಸುಮಾರಿಗೆ ಅವರು ಈ ವಿಷಯ ಹಿಡಿದಾಗಲೂ ಜನ ನಿಮ್ಮ ಹಾಗೆಯೇ ಕೇಳಿರಬೇಕು. 1982ರಲ್ಲಿ ನಾರ್ವೆಯಲ್ಲಿ ಮೂವರು ಹುಡುಗರು ತಾವೇ ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕು ಅನ್ನಿಸಿ ಮರುವರ್ಷ ಸರ್ಕಾರವೇ ದೇಶವ್ಯಾಪಿ ಅಭಿಯಾನಕ್ಕಿಳಿಯಿತು. ಅಲ್ಲಿನ ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಓಲ್ವೇಯಸ್ ಎರಡೂವರೆ ವರ್ಷ ಗಮನಿಸಿದರು. ಕಾಟ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಅಲ್ಲಿ ಬರೀ ಭಾಷಣ ಇರಲಿಲ್ಲ. ಹೆಸರು ಬರೆಯದ ಪ್ರಶ್ನಾವಳಿ, ತರಗತಿಯ ನಿಯಮ, ಬಿಡುವಿನಲ್ಲಿ ಮೇಷ್ಟ್ರ ಕಾವಲು, ಅಪ್ಪ-ಅಮ್ಮನ ಜೊತೆ ಮಾತು.

ನಾನೂ ಅದನ್ನೇ ಕಲಿತದ್ದು. ನಮ್ಮ ಜಿಲ್ಲೆಯದೇ ಒಂದು ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ದಿನಾ ಸೈಕಲ್ ತಳ್ಳಿಕೊಂಡೇ ಮನೆಗೆ ಹೋಗುತ್ತಿದ್ದ. ಕೇಳಿದರೆ "ಪಂಕ್ಚರ್ ಮಿಸ್" ಅನ್ನುವನು. ಗಾಳಿ ಬಿಡುವವರು ಯಾರೆಂದು ಇಡೀ ಕ್ಲಾಸಿಗೆ ಗೊತ್ತು, ಬಾಯಿ ಬಿಟ್ಟವರಿಲ್ಲ. ಹೆಸರಿಲ್ಲದ ಚೀಟಿಯಲ್ಲಿ "ಶಾಲೆಯಲ್ಲಿ ಎಲ್ಲಿ ಭಯ?" ಎಂದು ಕೇಳಿದೆವು. ಅವನೊಬ್ಬನಲ್ಲ, ಎಷ್ಟೋ ಮಕ್ಕಳು "ಸೈಕಲ್ ಸ್ಟ್ಯಾಂಡ್" ಅಂತ ಬರೆದಿದ್ದರು. ಗಣಿತದ ಮೇಡಂ ಸಂಜೆಯ ಟೀ ಲೋಟ ಹಿಡಿದು ಅಲ್ಲೇ ನಿಲ್ಲತೊಡಗಿದರು. ಗಾಳಿ ಬಿಡುವುದು ನಿಂತಿತು. ಸುಮ್ಮನೆ ನೋಡುತ್ತ ನಿಲ್ಲುವ ಮಕ್ಕಳೇ ಕಾಟಕ್ಕೆ ಬಲ ಎಂದು ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಾಲಿ ತೋರಿಸಿದ್ದಾರೆ. ಶಾಲೆಗಳಲ್ಲಿ ಕಾಟ ತಡೆಯುವ ಅಲ್ಲಿನ 'ಕಿವಾ' ಕಾರ್ಯಕ್ರಮ ನಿಂತಿರುವುದೇ ಅದರ ಮೇಲೆ.

ಸಂಬಳದ ಮಾತು. ಸಿಬಿಎಸ್‌ಇ ಶಾಲೆಗಳಲ್ಲಿ ಆಪ್ತಸಮಾಲೋಚಕರು ಇರಬೇಕೆಂಬ ನಿಯಮವಿದೆ. ಸಂಶೋಧನೆಯೇ ಬೇಕೆಂದರೆ ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೆ ಪಿಎಚ್.ಡಿ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ ಸಂಶೋಧನೆ ಮಾಡುವಾಗ ತಿಂಗಳ ಫೆಲೋಶಿಪ್ ಹಣ ಬರುತ್ತದೆ. ದಾರಿ ಉದ್ದ, ಬೇಗ ಕೈಗೆ ದುಡ್ಡು ಬರಲಿ ಅನ್ನುವವರಿಗಲ್ಲ. ಮಗು ದೊಡ್ಡ ಅಪಾಯ ಹೇಳಿಕೊಂಡಾಗ ನೋಟ್‌ಬುಕ್ ಮುಚ್ಚಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವ ಧೈರ್ಯವೂ ಬೇಕು.

ಈಗಲೇ ಪ್ರಶ್ನಾವಳಿ ಹಿಡಿದು ಹೊರಡುವುದು ಬೇಡ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಹತ್ತಿರದ ಒಂದು ಶಾಲೆಯ ಬಿಸಿಯೂಟದ ಸಾಲನ್ನು ಒಂದು ವಾರ ನೋಡಲಿ. ದಿನಾ ಕೊನೆಗೆ ನಿಲ್ಲುವ ಮಗು ಯಾವುದು, ತಟ್ಟೆ ಹಿಡಿದು ಅದು ಯಾರ ಪಕ್ಕ ಕೂರಲು ಹಿಂಜರಿಯುತ್ತದೆ ಅಂತ ಬರೆದುಕೊಳ್ಳಲಿ.