ಬೇಸ್‌ಮೆಂಟಿನ ಕಾಂಕ್ರೀಟ್ ಗೋಡೆಗೆ ಫೈಬರ್‌ಗ್ಲಾಸ್ ಹಾಕಿದರೆ ಚಳಿ ನಿಲ್ಲುತ್ತದೆಯೇ?

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಳೇ ಮನೆ ಕೊಂಡಿದ್ದೀರಿ. ಚಳಿಗಾಲದಲ್ಲಿ ಬೇಸ್‌ಮೆಂಟಿನ ಗೋಡೆ ಮುಟ್ಟಿದರೆ ಕೈ ಮರಗಟ್ಟುತ್ತದೆ, ಮರದ ಚೌಕಟ್ಟು ನಿಲ್ಲಿಸಿ ನಡುವೆ ಫೈಬರ್‌ಗ್ಲಾಸ್, ಅಂದರೆ ಗಾಜಿನ ಎಳೆಗಳ ಹತ್ತಿಯಂಥ ಹಾಸು, ತುಂಬಿಸಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನೂ ಇದೇ ಊರ ಹತ್ತಿರ ಇರುವವನು, ಅದನ್ನೇ ಮಾಡಿಸಿದ್ದೆ.

ಮೂರನೇ ಚಳಿಗಾಲ ಕಳೆಯುವ ಹೊತ್ತಿಗೆ ಕೆಳಗಡೆ ಮುಗ್ಗಲು ವಾಸನೆ ಶುರುವಾಯಿತು. ಒಂದು ಜಿಪ್ಸಮ್ ಬೋರ್ಡ್ ಕಿತ್ತು ನೋಡಿದೆ. ಒಳಗಿನ ಫೈಬರ್‌ಗ್ಲಾಸ್ ಹಿಂಡದ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಗೋಡೆ ಕಡೆಗಿದ್ದ ಮರದ ಮೈ ತುಂಬ ಕಪ್ಪು ಬೂಸ್ಟು. ಹೊರಗಿನಿಂದ ಒಂದು ಹನಿ ನೀರೂ ಬಂದಿರಲಿಲ್ಲ. ಅಡುಗೆ, ಸ್ನಾನ, ನಮ್ಮ ಉಸಿರು, ಇವೆಲ್ಲದರ ತೇವ ಮನೆಯ ಗಾಳಿಯಲ್ಲೇ ಇರುತ್ತದೆ. ಫೈಬರ್‌ಗ್ಲಾಸ್ ಆ ಗಾಳಿಯನ್ನು ತಡೆಯುವುದಿಲ್ಲ. ಗಾಳಿ ನುಸುಳಿಕೊಂಡು ಹೋಗಿ ತಣ್ಣನೆ ಕಾಂಕ್ರೀಟಿಗೆ ತಾಗಿದ ಕೂಡಲೇ ಅದರಲ್ಲಿರುವ ತೇವ ನೀರಾಗುತ್ತದೆ. ಐಸ್ ನೀರು ತುಂಬಿದ ಲೋಟದ ಹೊರಮೈ ಬೆವರುತ್ತದಲ್ವಾ, ಹಾಗೆ.

ನಮ್ಮ ಕರ್ನಾಟಕದ ಊರುಗಳಲ್ಲಿ ಸೈಜುಗಲ್ಲಿನ ಪಾಯ ಮುಗಿದ ಮೇಲೆ ಅದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ನಮ್ಮ ಚಿಂತೆಯೆಲ್ಲ ತಾರಸಿಯ ಬಿಸಿಲಿನದ್ದು. ಹಾಗಾಗಿ ಇಷ್ಟು ದಪ್ಪ ಗೋಡೆ ಇದ್ದಮೇಲೆ ಚಳಿ ಹೇಗೆ ಬರುತ್ತದೆ ಅನ್ನಿಸುವುದು ಸಹಜ. ಶಾಖ ದಾಟಿ ಹೋಗದಂತೆ ತಡೆಯುವ ಗುಣವನ್ನು ಇಲ್ಲಿ ಆರ್-ವ್ಯಾಲ್ಯೂ ಅಂತ ಅಳೆಯುತ್ತಾರೆ. 8 ಇಂಚಿನ ಕಾಂಕ್ರೀಟ್ ಗೋಡೆಗೆ ಅದು ಸುಮಾರು 1. ಒಂದೇ ಇಂಚಿನ ಎಕ್ಸ್‌ಪಿಎಸ್ (ಗಟ್ಟಿ ಪ್ಲಾಸ್ಟಿಕ್ ಫೋಮಿನ ಒಂದು ಬಗೆ) ಫೋಮ್ ಬೋರ್ಡಿಗೆ 5.

ಕೆಲಸಕ್ಕೆ ಕೈ ಹಾಕುವ ಮೊದಲು ತೇವ ಎಲ್ಲಿಂದ ಬರುತ್ತಿದೆ ನೋಡಿ. ಎರಡಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ಮೂರು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ಗೋಡೆಯೊಳಗಿಂದ ತೇವ ಬರುತ್ತಿದೆ. ಆಗ ಮೊದಲು ಸೂರಿನ ನೀರಿನ ಪೈಪು ದೂರಕ್ಕೆ ಹೋಗುವ ಹಾಗೆ ಮಾಡಿಸಿ, ಮನೆಯ ಸುತ್ತ ಮಣ್ಣು ಹೊರಗಡೆಗೆ ಇಳಿಜಾರಾಗಿರಲಿ. ಮುಂದಿನ ಮೈಯಲ್ಲಿ ಮಾತ್ರ ಹನಿ ಕಂಡರೆ ಅದು ಕೋಣೆಯ ಗಾಳಿಯದ್ದು.

ಆಮೇಲೆ ರಿಮ್ ಜಾಯಿಸ್ಟ್. ಕಾಂಕ್ರೀಟ್ ಗೋಡೆಯ ತಲೆಯ ಮೇಲೆ, ಮನೆಯ ಅಂಚಿನುದ್ದಕ್ಕೂ ಕೂತಿರುವ ಮರ ಅದು. ಜನವರಿಯಲ್ಲಿ ಟಾರ್ಚ್ ಹಿಡಿದು ನೋಡಿ, ಒಳಗೆ ಚಾಚಿದ ಮೊಳೆಗಳ ತುದಿಯಲ್ಲಿ ಸಕ್ಕರೆ ಹರಳಿನ ಹಾಗೆ ಹಿಮ ಕೂತಿರುತ್ತದೆ. ತಣ್ಣನೆ ಗಾಳಿ ಜಾಸ್ತಿ ನುಗ್ಗುವುದು ಇಲ್ಲಿಂದಲೇ. ಫೋಮ್ ತುಂಡು ಕತ್ತರಿಸಿ ಪ್ರತಿ ಸಂದಿನಲ್ಲಿ ಕೂರಿಸಿ, ಅಂಚಿಗೆ ಸ್ಪ್ರೇ ಫೋಮ್ ಹೊಡೆಯಬೇಕು. ನನ್ನ ಮನೆಯಲ್ಲಿ ಇದೊಂದಕ್ಕೇ ಮೇಲಿನ ಕೋಣೆಯ ನೆಲದ ತಣುಪು ಕಡಿಮೆಯಾಯಿತು.

ಗೋಡೆಗೆ 2 ಇಂಚಿನ ಎಕ್ಸ್‌ಪಿಎಸ್ ಬೋರ್ಡನ್ನು ನಡುವೆ ಗಾಳಿ ಉಳಿಯದ ಹಾಗೆ ಅಂಟಿಸಿ, ಸಂದುಗಳಿಗೆ ಟೇಪ್ ಹಾಕಿಸಿ. ಮರದ ಚೌಕಟ್ಟು ಅದರ ಈಚೆ ಬರಲಿ. ಹೊರಗಡೆ ಮಣ್ಣಿನ ಮೇಲೆ ಕಾಣುವ ಗೋಡೆ ಮತ್ತು ಅದರ ಕೆಳಗಿನ ಕೆಲವು ಅಡಿಯಿಂದಲೇ ಶಾಖ ಹೆಚ್ಚು ಸೋರುತ್ತದೆ. ಹಾಗಂತ ಅರ್ಧಕ್ಕೆ ನಿಲ್ಲಿಸಬೇಡಿ, ಪೂರ್ತಿ ಮುಚ್ಚಿ. ಫೋಮಿಗೆ ಬೆಂಕಿ ಬೇಗ ಹತ್ತುತ್ತದೆ, ಅರ್ಧ ಇಂಚಿನ ಜಿಪ್ಸಮ್ ಬೋರ್ಡ್ ಹೊದಿಸಲೇಬೇಕು. ಎಲ್ಲ ಮುಚ್ಚುವ ಮೊದಲು ರೇಡಾನ್ (ಮಣ್ಣಿನಿಂದ ಮನೆಯೊಳಗೆ ಸೇರುವ ವಿಕಿರಣಶೀಲ ಅನಿಲ) ಪರೀಕ್ಷೆಯನ್ನೂ ಮಾಡಿಸಿ.

ಯಾವ ಕಾರಣಕ್ಕಾದರೂ ಹೊರಗೆ ಅಗೆಸುವುದಿದ್ದರೆ ಫೋಮನ್ನು ಹೊರಗಿನಿಂದಲೇ ಹಾಕಿಸಿ. ಕಾಂಕ್ರೀಟೇ ಬೆಚ್ಚಗಿರುತ್ತದೆ. ಬರೀ ಇದಕ್ಕೋಸ್ಕರ ಅಗೆಸಲು ಹೋಗಬೇಡಿ, ಖರ್ಚು ತುಂಬಾ.

ನಿಮ್ಮದು ಎರಕದ ಗೋಡೆಯೋ ಬ್ಲಾಕ್ ಗೋಡೆಯೋ ಬರೆದಿಲ್ಲ. ಬ್ಲಾಕ್ ಆಗಿದ್ದರೆ ಅದರ ಟೊಳ್ಳುಗಳಲ್ಲಿ ನೀರೂ ಗಾಳಿಯೂ ಓಡಾಡುತ್ತವೆ. ಮೇಲ್ಸಾಲಿನ ತೂತುಗಳನ್ನು ಮುಚ್ಚಿಸಿದ ಮೇಲೆಯೇ ಫೋಮ್ ತನ್ನಿ.